ಒಬ್ಬರೇ ಮಾಡುವ ಕೆಲಸ, ಒಬ್ಬರೇ ಕಲಿಯಲಾಗದ ವಿದ್ಯೆ: ಪಿಯಾನೊ ಟ್ಯೂನರ್‌ಗಳ ಮುಗಿಯದ ಕಲಿಕೆ

ಪಿಯಾನೊ ಟ್ಯೂನ್ ಮಾಡುವವರು ಕೆಲಸಕ್ಕೆ ಹೋಗುವುದು ಸಾಮಾನ್ಯವಾಗಿ ಒಬ್ಬರೇ. ಮನೆ, ಚರ್ಚು, ಶಾಲೆ, ಸಂಗೀತ ಸಭಾಂಗಣ, ಎಲ್ಲೇ ಆಗಲಿ, ಪಿಯಾನೊದ ಮುಚ್ಚಳ ತೆಗೆದು ಒಂದೂವರೆ ಎರಡು ಗಂಟೆ ಒಂಟಿಯಾಗಿ ಕೂತು, ಕೆಲಸ ಮುಗಿಸಿ, ಹಣ ಪಡೆದು ಹೊರಡುತ್ತಾರೆ. ಮಾಡಿದ್ದು ಸರಿಯಿದೆಯೇ ಎಂದು ಪರೀಕ್ಷಿಸಿ ಹೇಳಬಲ್ಲವರು ಅಲ್ಲಿ ಇರುವುದು ಅಪರೂಪ. ಮನೆಯವರಿಗೆ ಮೊದಲಿಗಿಂತ ಚೆನ್ನಾಗಿ ಕೇಳಿಸಿದರೆ ಸಾಕು, ಸಂತೋಷಪಡುತ್ತಾರೆ. ಹೀಗಾಗಿ ಟ್ಯೂನರ್ ಮಾಡುವ ಒಂದು ಸಣ್ಣ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಉಳಿದೂ ಉಳಿದೂ ಅವರ ಕಿವಿಗೆ ಅದೇ ಸರಿ ಎನಿಸತೊಡಗಬಹುದು.

ಈ ವೃತ್ತಿಯಲ್ಲಿ ಕಲಿಕೆ ಯಾಕೆ ಮುಗಿಯುವುದಿಲ್ಲ ಎಂದು ಕೇಳಿದರೆ ಹೆಚ್ಚಿನವರು ಹೊಸ ತಂತ್ರಜ್ಞಾನದ ಮಾತೆತ್ತುತ್ತಾರೆ. ಅದೂ ನಿಜ, ಅದಕ್ಕೆ ಮುಂದೆ ಬರೋಣ. ಆದರೆ ನನಗೆ ಕಾಣುವ ದೊಡ್ಡ ಕಾರಣ ಇದು: ಯಾರೂ ತಮ್ಮ ಕಿವಿಯನ್ನು ತಾವೇ ಪೂರ್ತಿಯಾಗಿ ತಿದ್ದಿಕೊಳ್ಳಲಾರರು. ಅದಕ್ಕೆ ಇನ್ನೊಬ್ಬ ಟ್ಯೂನರ್ ಪಕ್ಕದಲ್ಲಿ ನಿಂತು "ಇಲ್ಲಿ ಕೇಳಿ" ಎನ್ನಬೇಕು. ಜಗತ್ತಿನ ಬೇರೆ ಬೇರೆ ದೇಶಗಳಲ್ಲಿ ಪಿಯಾನೊ ತಂತ್ರಜ್ಞರು ಕಟ್ಟಿಕೊಂಡ ಸಂಘ, ಪರೀಕ್ಷೆ, ಶಿಬಿರ, ಪತ್ರಿಕೆಗಳನ್ನೆಲ್ಲ ಈ ದೃಷ್ಟಿಯಿಂದ ನೋಡಿದರೆ ಚೆನ್ನಾಗಿ ಅರ್ಥವಾಗುತ್ತವೆ.

ಕಿವಿ ಕೇಳಬೇಕಾದ್ದೇನು

ಪಿಯಾನೊದಲ್ಲಿ 88 ಕೀಗಳಿದ್ದರೂ ತಂತಿಗಳು ಸುಮಾರು 230. ಮಧ್ಯದ ಮತ್ತು ಮೇಲಿನ ಸ್ವರಗಳಿಗೆ ಮೂರು ಮೂರು ತಂತಿ, ಮಂದ್ರದ ಕಡೆ ಎರಡೆರಡು, ಎಲ್ಲಕ್ಕಿಂತ ಕೆಳಗಿನವಕ್ಕೆ ಒಂದೊಂದೇ. ಪ್ರತಿ ತಂತಿಯ ಒಂದು ತುದಿ ಉಕ್ಕಿನ ಬಿರಡೆಗೆ ಸುತ್ತಿರುತ್ತದೆ. ಆ ಬಿರಡೆ ಗಟ್ಟಿಮರದ ಪದರಗಳನ್ನು ಅಂಟಿಸಿ ಮಾಡಿದ ದಪ್ಪ ಹಲಗೆಯಲ್ಲಿ ಬಿಗಿಯಾಗಿ ಕೂತಿರುತ್ತದೆ. ಎಲ್ಲ ತಂತಿಗಳ ಎಳೆತ ಕೂಡಿಸಿದರೆ 18ರಿಂದ 20 ಟನ್ನಿನಷ್ಟಾಗುತ್ತದೆ. ಅದನ್ನು ಹೊರುವುದು ಎರಕದ ಕಬ್ಬಿಣದ ಚೌಕಟ್ಟು.

ಎರಡು ತಂತಿಗಳು ಬಹುತೇಕ ಒಂದೇ ಶ್ರುತಿಯಲ್ಲಿದ್ದು ಸ್ವಲ್ಪವೇ ವ್ಯತ್ಯಾಸವಿದ್ದರೆ ನಾದ ಏರಿ ಇಳಿದು ಅಲೆಯಲೆಯಾಗಿ ಕೇಳಿಸುತ್ತದೆ. ಒಂದು ತಂತಿ ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಕಂಪಿಸಿದರೆ ಸೆಕೆಂಡಿಗೆ ಎರಡು ಅಲೆ. ಟ್ಯೂನರ್‌ಗಳು ಇದನ್ನು ಬೀಟ್ಸ್ ಎನ್ನುತ್ತಾರೆ. ತಂಬೂರಿಯ ಸಾರಣಿ ತಂತಿಗಳೆರಡನ್ನೂ ಕೂಡಿಸುವಾಗ ನಮ್ಮವರು ಕೇಳುವುದೂ ಇದನ್ನೇ. ಅಲೆ ನಿಧಾನವಾಗುತ್ತಾ ಹೋಗಿ ನಿಂತಾಗ ತಂತಿಗಳು ಕೂಡಿದವೆಂದು ಲೆಕ್ಕ.

ಪಿಯಾನೊದಲ್ಲಿ ಕಷ್ಟ ಶುರುವಾಗುವುದು ಇದರ ನಂತರ. ಸಪ್ತಕದ ಹನ್ನೆರಡು ಸ್ವರಗಳನ್ನು ಸಮಪಾಲಾಗಿ ಹಂಚಿ, ಯಾವ ಸ್ವರದಿಂದ ಹಾಡು ಶುರು ಮಾಡಿದರೂ ಒಂದೇ ಥರ ಕೇಳುವಂತೆ ಇಡಬೇಕು. ಹಾಗೆ ಮಾಡಿದರೆ ಷಡ್ಜ ತಾರಷಡ್ಜಗಳನ್ನು ಬಿಟ್ಟು ಬೇರಾವ ಸ್ವರಜೋಡಿಯೂ ಪೂರ್ತಿ ಶುದ್ಧವಾಗಿ ಉಳಿಯುವುದಿಲ್ಲ. ಪಂಚಮ ಎರಡು ಸೆಂಟಿನಷ್ಟು ಕುಗ್ಗುತ್ತದೆ. (ಪಿಯಾನೊದ ಅಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಒಂದು ಪಾಲಿಗೆ ಸೆಂಟ್ ಎನ್ನುತ್ತಾರೆ.) ಅಂತರ ಗಾಂಧಾರವಂತೂ ಸುಮಾರು 14 ಸೆಂಟ್ ಹಿಗ್ಗುತ್ತದೆ. ಶ್ರುತಿ ಕೂಡಿದ ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಹುಟ್ಟುವ ಸ್ವಯಂಭೂ ಗಾಂಧಾರವನ್ನು ಕೇಳಿ ಬೆಳೆದ ಕಿವಿಗೆ ಪಿಯಾನೊದ ಗಾಂಧಾರ ಚೂಪಾಗಿ ಕೇಳಿಸುವುದು ಇದರಿಂದಲೇ. ಹಾರ್ಮೋನಿಯಂ ಬಗ್ಗೆ ನಮ್ಮಲ್ಲಿ ನಡೆದ ದೀರ್ಘ ವಾಗ್ವಾದದಲ್ಲೂ ಈ ಅಂಶವಿತ್ತು.

ಹಾಗಾಗಿ ಪಿಯಾನೊ ಟ್ಯೂನರ್‌ ಅಲೆಗಳನ್ನು ಇಲ್ಲವಾಗಿಸುವುದನ್ನು ಕಲಿತರೆ ಸಾಲದು, ಅಲೆಗಳನ್ನು ಬೇಕಾದ ವೇಗದಲ್ಲಿ ಉಳಿಸುವುದನ್ನು ಕಲಿಯಬೇಕು. ಮಧ್ಯದ ಸಿ ಸ್ವರದ ಕೆಳಗಿನ ಎಫ್ ಮತ್ತು ಅದರ ಮೇಲಿನ ಎ, ಇವೆರಡನ್ನು ಒಟ್ಟಿಗೆ ಒತ್ತಿದರೆ ಸೆಕೆಂಡಿಗೆ ಸುಮಾರು 6.9 ಅಲೆಗಳು ಬರಬೇಕು. ಅದೇ ಎಯಿಂದ ಸಿ ಶಾರ್ಪ್‌ಗೆ 8.7. ಸಿ ಶಾರ್ಪ್‌ನಿಂದ ಮೇಲಿನ ಎಫ್‌ಗೆ 11. ಈ ಮೂರು ಗಾಂಧಾರಗಳು (ಷಡ್ಜಕ್ಕೂ ಅಂತರ ಗಾಂಧಾರಕ್ಕೂ ಇರುವಷ್ಟೇ ಅಂತರದ ಸ್ವರಜೋಡಿಗಳು) ಒಂದರ ತಲೆಯ ಮೇಲೊಂದು ಕೂತಿವೆ. ಒಂದರಿಂದ ಇನ್ನೊಂದಕ್ಕೆ ಅಲೆಯ ವೇಗ ನಾಲ್ಕಕ್ಕೆ ಐದರ ಪ್ರಮಾಣದಲ್ಲಿ ಏರಬೇಕು. ಸೆಕೆಂಡಿಗೆ 6.9 ಎಂದು ಯಾರ ಕಿವಿಯೂ ಎಣಿಸಲಾರದು. ಆದರೆ ಮೂರನ್ನೂ ಒಂದಾದ ಮೇಲೊಂದು ನುಡಿಸಿದಾಗ ವೇಗ ಸಮನಾಗಿ ಏರುತ್ತಿದೆಯೇ, ಎಲ್ಲಾದರೂ ಎಡವಿತೇ ಎನ್ನುವುದನ್ನು ಪಳಗಿದ ಕಿವಿ ಹೇಳಬಲ್ಲದು. ಆ ಪಳಗುವಿಕೆಗೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳು.

ಇಷ್ಟರಲ್ಲೇ ಮುಗಿದಿದ್ದರೆ ಒಂದು ಕೋಷ್ಟಕ ಬಾಯಿಪಾಠ ಮಾಡಿ ಎಲ್ಲ ಪಿಯಾನೊಗಳನ್ನೂ ಶ್ರುತಿ ಮಾಡಬಹುದಿತ್ತು. ಆದರೆ ಉಕ್ಕಿನ ತಂತಿಗೆ ಬಿಗುಪು, ಅಂದರೆ ಸುಲಭವಾಗಿ ಬಾಗದ ಗುಣ, ಇದೆ. ಅದರಿಂದಾಗಿ ತಂತಿಯ ಮೇಲ್‌ಸ್ವರಗಳು (ಮೂಲ ಸ್ವರದ ಜೊತೆಗೇ ಅದೇ ತಂತಿಯಿಂದ ಹುಟ್ಟುವ ಮೇಲಿನ ಸ್ವರಗಳು) ಲೆಕ್ಕದ ಪ್ರಕಾರ ಇರಬೇಕಾದ ಜಾಗಕ್ಕಿಂತ ತುಸು ಮೇಲಕ್ಕಿರುತ್ತವೆ. ಎಷ್ಟು ಮೇಲೆ ಎಂಬುದು ತಂತಿಯ ಉದ್ದ, ದಪ್ಪ, ಎಳೆತಗಳನ್ನು ಅವಲಂಬಿಸುತ್ತದೆ. ಆದ್ದರಿಂದ ಒಂಬತ್ತು ಅಡಿ ಉದ್ದದ ಗ್ರ್ಯಾಂಡ್ ಪಿಯಾನೊಗೆ ಒಪ್ಪುವ ಶ್ರುತಿ ಗೋಡೆಗೆ ಒರಗಿಸಿಟ್ಟ ಪುಟ್ಟ ಪಿಯಾನೊಗೆ ಒಪ್ಪುವುದಿಲ್ಲ. ಒಳ್ಳೆಯ ಟ್ಯೂನರ್‌ಗಳು ಮೇಲಿನ ಸ್ವರಗಳನ್ನು ಲೆಕ್ಕಕ್ಕಿಂತ ಸ್ವಲ್ಪ ಏರಿಸಿ, ಕೆಳಗಿನವನ್ನು ಸ್ವಲ್ಪ ಇಳಿಸಿ ಇಡುತ್ತಾರೆ. ಓ. ಎಲ್. ರೇಲ್ಸ್‌ಬ್ಯಾಕ್ ಎಂಬ ಭೌತವಿಜ್ಞಾನಿ 1938ರಲ್ಲಿ ಇದನ್ನು ಅಳೆದು ತೋರಿಸಿದರು. ಟ್ಯೂನರ್‌ಗಳು ಅದಕ್ಕೂ ಮೊದಲಿಂದ ಕಿವಿಯ ಮಾತು ಕೇಳಿ ಹಾಗೇ ಮಾಡುತ್ತಾ ಬಂದಿದ್ದರು. ಎಷ್ಟು ಹಿಗ್ಗಿಸಬೇಕು ಎನ್ನುವುದನ್ನು ಎದುರಿಗಿರುವ ಪಿಯಾನೊ ನೋಡಿಯೇ ತೀರ್ಮಾನಿಸಬೇಕು.

ಇನ್ನು ಕೈಯ ಕೆಲಸ. ಲಿವರ್ ಹಾಕಿ ಬಿರಡೆಯನ್ನು ತಿರುಗಿಸಿದಾಗ ಅದರ ತಲೆ ಮೊದಲು ತಿರುಗುತ್ತದೆ, ಹಲಗೆಯೊಳಗಿನ ಬುಡ ಹಿಂದೆಯೇ ಉಳಿಯುತ್ತದೆ. ಒದ್ದೆ ಬಟ್ಟೆ ಹಿಂಡಿದಾಗಿನಂತೆ ಉಕ್ಕು ಒಂದಿಷ್ಟು ಮುರಿಗಿಕೊಳ್ಳುತ್ತದೆ. ಕೈ ತೆಗೆದ ಮೇಲೆ ಆ ಮುರಿಗೆ ಬಿಚ್ಚಿಕೊಂಡು ಶ್ರುತಿ ಜಾರುತ್ತದೆ. ತಂತಿಯೂ ಅಷ್ಟೇ. ಬಿರಡೆಯಿಂದ ನುಡಿಯುವ ಭಾಗಕ್ಕೆ ಹೋಗುವ ದಾರಿಯಲ್ಲಿ ಲೋಹದ ಅಂಚುಗಳ ಮೇಲೆ ಒರಸಿಕೊಂಡು ಸಾಗುತ್ತದೆ. ಅಲ್ಲಿನ ಘರ್ಷಣೆಯಿಂದ ತುಂಡು ತುಂಡುಗಳಲ್ಲಿ ಎಳೆತ ಬೇರೆ ಬೇರೆ ಇರುತ್ತದೆ. ಈ ಎಲ್ಲವೂ ಸಮತೋಲಕ್ಕೆ ಬರುವಂತೆ ಬಿರಡೆಯನ್ನು ಕೂರಿಸಬೇಕು. ಇಲ್ಲದಿದ್ದರೆ ಟ್ಯೂನರ್ ಮೆಟ್ಟಿಲಿಳಿಯುವ ಹೊತ್ತಿಗೆ ಚೆನ್ನಾಗಿದ್ದ ಪಿಯಾನೊ, ಸಂಜೆ ಯಾರಾದರೂ ಜೋರಾಗಿ ನುಡಿಸಿದಾಗ ಹದಗೆಡುತ್ತದೆ. ಬಿರಡೆ ಕೂರಿಸುವುದನ್ನು ಬರೆದು ಕಲಿಸುವುದು ಬಲು ಕಷ್ಟ. ಕಲಿಸುವವರ ಕೈಯ ಮೇಲೆ ಕೈಯಿಟ್ಟು ಕಲಿಯುವವರೂ ಇದ್ದಾರೆ.

ತಪ್ಪನ್ನು ಕಿವಿಗೆ ಕೇಳಿಸುವ ಪರೀಕ್ಷೆ

ಅಮೆರಿಕದಲ್ಲಿ ಪಿಯಾನೊ ಟ್ಯೂನರ್ ಆಗಲು ಸರ್ಕಾರಿ ಪರವಾನಗಿ ಬೇಕಿಲ್ಲ. ಲಿವರ್ ಕೊಂಡು ಬೋರ್ಡು ಹಾಕಿಕೊಂಡರೆ ಯಾರೂ ತಡೆಯುವುದಿಲ್ಲ. ಈ ಕಾರಣಕ್ಕೇ ಅಲ್ಲಿನ ಪಿಯಾನೊ ಟೆಕ್ನಿಷಿಯನ್ಸ್ ಗಿಲ್ಡ್ ಮಾಡಿಕೊಂಡ ವ್ಯವಸ್ಥೆ ಗಮನಿಸುವಂಥದ್ದು. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಎರಡು ಸಂಘಗಳು ಸೇರಿ 1957ರಲ್ಲಿ ಇದು ಹುಟ್ಟಿತು. ಗಿಲ್ಡ್‌ಗೆ ಸೇರಿದ ಮಾತ್ರಕ್ಕೆ 'ರಿಜಿಸ್ಟರ್ಡ್ ಪಿಯಾನೊ ಟೆಕ್ನಿಷಿಯನ್' ಎಂದು ಕರೆಸಿಕೊಳ್ಳುವಂತಿಲ್ಲ. ಅದಕ್ಕೆ ಮೂರು ಪರೀಕ್ಷೆ ಪಾಸಾಗಬೇಕು: ಒಂದು ಲಿಖಿತ, ಒಂದು ದುರಸ್ತಿ ಮತ್ತು ಯಂತ್ರಭಾಗಗಳ ಹೊಂದಾಣಿಕೆಯದು, ಇನ್ನೊಂದು ಶ್ರುತಿಯದು.

ಶ್ರುತಿ ಪರೀಕ್ಷೆ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೊದಲು ಅನುಭವಿ ಪರೀಕ್ಷಕರ ತಂಡವೊಂದು ಆ ಪಿಯಾನೊವನ್ನು ತಾವೇ ಶ್ರುತಿ ಮಾಡುತ್ತದೆ. ಒಬ್ಬೊಬ್ಬರಾಗಿ ಅಲ್ಲ. ಒಂದೊಂದು ಸ್ವರವನ್ನೂ ಎಲ್ಲರೂ ಕೇಳಿ, ಚರ್ಚಿಸಿ, ಒಮ್ಮತಕ್ಕೆ ಬಂದು ಮುಂದಕ್ಕೆ ಹೋಗುತ್ತಾರೆ. ಹೀಗೆ ಸಿದ್ಧವಾದ ಮಾದರಿ ಶ್ರುತಿಯನ್ನು ಯಂತ್ರದಲ್ಲಿ ಸೆಂಟಿನ ಹತ್ತನೇ ಒಂದು ಪಾಲಿನ ನಿಖರತೆಯಲ್ಲಿ ದಾಖಲಿಸುತ್ತಾರೆ. ಆಮೇಲೆ ಪಿಯಾನೊವನ್ನು ಒಂದು ಕ್ರಮದಲ್ಲಿ ಬೇಕೆಂದೇ ಕೆಡಿಸುತ್ತಾರೆ. ಈಗ ಅಭ್ಯರ್ಥಿ ಬಂದು ಕೂರುತ್ತಾರೆ. ಮಧ್ಯದ ಸಪ್ತಕಗಳನ್ನು ಯಂತ್ರದ ನೆರವಿಲ್ಲದೆ ಕಿವಿಯಿಂದಲೇ ಶ್ರುತಿ ಮಾಡಬೇಕು. ಅದೂ ಗೊತ್ತುಮಾಡಿದ ಸಮಯದೊಳಗೆ.

ಮುಗಿದ ಮೇಲೆ ಅಭ್ಯರ್ಥಿಯ ಶ್ರುತಿಯನ್ನು ಅಳೆದು ಮಾದರಿಯೊಂದಿಗೆ ಹೋಲಿಸುತ್ತಾರೆ. ಅಂಕಗಳು ಎಂಟು ಭಾಗಗಳಲ್ಲಿ: ಆಧಾರ ಶ್ರುತಿ ಹಿಡಿದದ್ದು, ಮೊದಲ ಸಪ್ತಕದ ಹಂಚಿಕೆ, ಮಧ್ಯಭಾಗ, ಮಂದ್ರ, ಮೇಲಿನ ಭಾಗ, ಅತಿ ಮೇಲಿನ ಭಾಗ, ಒಂದೇ ಸ್ವರದ ತಂತಿಗಳ ಐಕ್ಯ, ಮತ್ತು ಗಟ್ಟಿಯಾಗಿ ಹೊಡೆದಾಗಲೂ ಶ್ರುತಿ ನಿಲ್ಲುತ್ತದೆಯೇ ಎಂಬುದು. ಪ್ರತಿಯೊಂದರಲ್ಲೂ ಕನಿಷ್ಠ 80 ಅಂಕ ಬರಬೇಕು. ಒಂದರಲ್ಲಿ ನೂರು ತೆಗೆದು ಇನ್ನೊಂದರ ಕೊರತೆ ತುಂಬಿಕೊಳ್ಳುವಂತಿಲ್ಲ. ಮಧ್ಯಭಾಗದಲ್ಲಿ ಮನ್ನಿಸುವ ವ್ಯತ್ಯಾಸ ಸುಮಾರು ಒಂದು ಸೆಂಟ್ ಮಾತ್ರ. 440ರ ಎ ಸ್ವರದಲ್ಲಿ ಒಂದು ಸೆಂಟ್ ಎಂದರೆ ಕಾಲು ಹರ್ಟ್ಸ್, ಅಂದರೆ ನಾಲ್ಕು ಸೆಕೆಂಡಿಗೆ ಒಂದು ಅಲೆ.

ಈ ಪರೀಕ್ಷೆಯಲ್ಲಿ ನನಗೆ ತುಂಬ ಹಿಡಿಸಿದ್ದು ಮುಂದಿನ ಹಂತ. ಯಂತ್ರ ತಪ್ಪು ತೋರಿಸಿತು ಎಂದ ಮಾತ್ರಕ್ಕೆ ಅಂಕ ಕಳೆಯುವುದಿಲ್ಲ. ಪರೀಕ್ಷಕರು ಆ ತಪ್ಪನ್ನು ಕಿವಿಯಿಂದಲೂ ಖಚಿತಪಡಿಸಿಕೊಳ್ಳಬೇಕು. ಈ ಗಾಂಧಾರ ಅದರ ಕೆಳಗಿನದಕ್ಕಿಂತ ವೇಗವಾಗಿರಬೇಕಿತ್ತು, ನಿಧಾನವಾಗಿದೆ, ಕೇಳಿ ಎಂದು ನುಡಿಸಿ ತೋರಿಸಬಲ್ಲಂತಿರಬೇಕು. ಕೇಳಿಸದ ತಪ್ಪು ತಪ್ಪಲ್ಲ ಎನ್ನುವುದು ಇದರ ಹಿಂದಿನ ನ್ಯಾಯ. ಫೇಲಾದವರು ಅಂಕಪಟ್ಟಿಗಿಂತ ದೊಡ್ಡದೊಂದನ್ನು ತೆಗೆದುಕೊಂಡು ಹೋಗುತ್ತಾರೆ. ಇಷ್ಟು ದಿನ ತಮಗೆ ಕೇಳಿಸದಿದ್ದ ಒಂದು ದೋಷ ಅವರಿಗೆ ಕೇಳಿಸಲು ಶುರುವಾಗಿರುತ್ತದೆ. ಪರೀಕ್ಷಕರಿಗೂ ಇದರಲ್ಲಿ ಪಾಠವಿದೆ. ಮೂರು ಜನ ಅನುಭವಿಗಳು ಒಂದು ಸ್ವರದ ಬಗ್ಗೆ ಒಮ್ಮತಕ್ಕೆ ಬರಬೇಕಾದರೆ ಪ್ರತಿಯೊಬ್ಬರೂ ತಾನು ಕೇಳಿದ್ದನ್ನು ಮಿಕ್ಕವರಿಗೆ ಸಾಬೀತು ಮಾಡಬೇಕಾಗುತ್ತದೆ. ಹೀಗೆ ಪರೀಕ್ಷೆ ತೆಗೆದುಕೊಳ್ಳುವವರೂ ಕೊಡುವವರೂ ಒಟ್ಟಿಗೆ ಕಲಿಯುವ ವ್ಯವಸ್ಥೆ ಬೇರೆ ಕಸುಬುಗಳಲ್ಲಿ ಇಷ್ಟು ಸ್ಪಷ್ಟವಾಗಿ ಇರುವುದನ್ನು ನಾನು ಕಂಡಿಲ್ಲ.

ಪರೀಕ್ಷೆಯ ಆಚೆಗೂ ಗಿಲ್ಡ್‌ನ ಊರೂರಿನ ಶಾಖೆಗಳು ಸಭೆ ಸೇರುತ್ತವೆ. ಒಬ್ಬರು ತಮ್ಮ ಹೊಸ ಉಪಕರಣ ತಂದು ತೋರಿಸುತ್ತಾರೆ, ಇನ್ನೊಬ್ಬರು ಬಿಡಿಸಲಾಗದ ಸಮಸ್ಯೆಯ ಭಾಗವೊಂದನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ವರ್ಷಕ್ಕೊಮ್ಮೆ ದೇಶಮಟ್ಟದ ಸಮ್ಮೇಳನದಲ್ಲಿ ದಿನವಿಡೀ ತರಗತಿಗಳು. ಪಾಠ ಮಾಡುವವರಲ್ಲಿ ಹೆಚ್ಚಿನವರು ಅದೇ ಕೆಲಸ ಮಾಡಿ ಬದುಕುವವರು. ಮಾರುಕಟ್ಟೆಯಲ್ಲಿ ಪ್ರತಿಸ್ಪರ್ಧಿಗಳಾಗಿರುವವರು ತಮ್ಮ ಗುಟ್ಟುಗಳನ್ನು ಹೀಗೆ ಎದುರೆದುರು ಬಿಚ್ಚಿಡುವುದು ಸಣ್ಣ ಮಾತಲ್ಲ.

ಯಂತ್ರ ಬಂದಮೇಲೆ

ಶ್ರುತಿ ತೋರಿಸುವ ಯಂತ್ರಗಳು ಹೊಸವಲ್ಲ. ತಿರುಗುವ ಚಕ್ರದ ಮೇಲಿನ ಗೆರೆಗಳನ್ನು ನೋಡಿ ಶ್ರುತಿ ಅಳೆಯುವ ಸ್ಟ್ರೋಬೋಕಾನ್ 1930ರ ದಶಕದಲ್ಲೇ ಬಂದಿತ್ತು. ಈಗ ಮೊಬೈಲ್‌ನಲ್ಲಿ ಓಡುವ ಟ್ಯೂನ್‌ಲ್ಯಾಬ್, ವೆರಿಟ್ಯೂನರ್, ಸೈಬರ್‌ಟ್ಯೂನರ್‌ಗಳಂಥ ತಂತ್ರಾಂಶಗಳು ಎದುರಿಗಿರುವ ಪಿಯಾನೊದ ತಂತಿಗಳ ಬಿಗುಪನ್ನು ತಾವೇ ಅಳೆದು, ಆ ಪಿಯಾನೊಗೆಂದೇ ಒಂದು ಶ್ರುತಿ ಲೆಕ್ಕ ಹಾಕಿಕೊಡುತ್ತವೆ. ಜರ್ಮನಿಯ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹಾಯೆ ಹಿನ್ರಿಕ್ಸೆನ್ ಎಂಟ್ರೊಪಿಯ (ಅಸ್ತವ್ಯಸ್ತತೆಯ ಅಳತೆಯ) ತತ್ತ್ವವನ್ನು ಬಳಸಿ ಶ್ರುತಿ ಕಂಡುಹಿಡಿಯುವ ವಿಧಾನವನ್ನೂ ರೂಪಿಸಿದರು.

ಹಾಗಾದರೆ ಕಿವಿ ಯಾಕೆ ಬೇಕು? ಒಂದು ಉತ್ತರ ಐಕ್ಯದಲ್ಲಿದೆ. ಒಂದೇ ಸ್ವರದ ಮೂರು ತಂತಿಗಳು ಒಂದೇ ಸೇತುವೆಯ (ತಂತಿಗಳು ಒರಗಿರುವ ಮರದ ಪಟ್ಟಿಯ) ಮೂಲಕ ನಾದದ ಹಲಗೆಯನ್ನು (ನಾದವನ್ನು ಜೋರಾಗಿ ಹೊರಡಿಸುವ ತೆಳು ಮರದ ಹಲಗೆಯನ್ನು) ಅಲುಗಿಸುತ್ತವೆ, ಹಾಗಾಗಿ ಒಂದು ಇನ್ನೊಂದರ ಮೇಲೆ ಪ್ರಭಾವ ಬೀರುತ್ತದೆ. ಭೌತವಿಜ್ಞಾನಿ ಗೇಬ್ರಿಯಲ್ ವೈನ್‌ರೈಕ್ 1977ರಲ್ಲಿ ಇದನ್ನು ವಿವರಿಸಿದರು. ಕೀ ಒತ್ತಿದ ಕೂಡಲೇ ಬರುವ ಜೋರಾದ ನಾದ ಬೇಗ ಇಳಿಯುತ್ತದೆ, ಆಮೇಲಿನ ಮೆಲುನಾದ ಬಹಳ ಹೊತ್ತು ನಿಲ್ಲುತ್ತದೆ. ಆ ಎರಡನೆಯ ಭಾಗ ಎಷ್ಟು ಹೊತ್ತು, ಹೇಗೆ ನಿಲ್ಲಬೇಕು ಎಂಬುದರಲ್ಲಿ ಮೂರು ತಂತಿಗಳ ನಡುವಿನ ಅತಿ ಸಣ್ಣ ವ್ಯತ್ಯಾಸಕ್ಕೂ ಪಾಲಿದೆ. ಮೂರೂ ತಂತಿಗಳನ್ನು ಬೇರೆ ಬೇರೆಯಾಗಿ ಯಂತ್ರದ ಒಂದೇ ಅಂಕಿಗೆ ತಂದು ನಿಲ್ಲಿಸಿದರೂ, ಒಟ್ಟಿಗೆ ನುಡಿದಾಗ ನಾದ ಮುಚ್ಚಿಕೊಂಡಂತೆ ಕೇಳಿಸುವುದುಂಟು. ಅದನ್ನು ತೆರೆಯಿಸುವುದು ಕಿವಿಯ ಕೆಲಸ.

ಯಂತ್ರದಿಂದ ಕಲಿಕೆ ಕೆಡುತ್ತದೆ ಎನ್ನುವವರ ಜೊತೆ ನಾನು ಪೂರ್ತಿ ಒಪ್ಪುವುದಿಲ್ಲ. ಪಕ್ಕದಲ್ಲಿ ಗುರುಗಳಿಲ್ಲದಾಗ ಯಂತ್ರವೇ ಎರಡನೆಯ ಕಿವಿಯಾಗಬಲ್ಲದು. ಮೊದಲು ಕಿವಿಯಿಂದ ಶ್ರುತಿ ಮಾಡಿ, ಆಮೇಲೆ ಅಳೆದು, ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಮತ್ತೆ ಗಾಂಧಾರಗಳನ್ನು ನುಡಿಸಿ ಯಾರು ಸರಿ ಎಂದು ಕಂಡುಕೊಂಡರೆ ಕಿವಿ ದಿನದಿನಕ್ಕೂ ಚುರುಕಾಗುತ್ತದೆ. ಈ ಕ್ರಮ ತಿರುವುಮುರುವಾದರೆ, ಅಂದರೆ ಮೊದಲು ಪರದೆ ನೋಡಿ ಆಮೇಲೆ ಕಿವಿಯನ್ನು ಒಪ್ಪಿಸಿದರೆ, ಹತ್ತು ವರ್ಷ ಕೆಲಸ ಮಾಡಿದರೂ ಕಿವಿ ಇದ್ದಲ್ಲೇ ಇರುತ್ತದೆ.

ಯಂತ್ರಗಳು ನಿಜವಾಗಿ ಕೈಹಿಡಿಯುವುದು ಬಹಳ ಕಾಲ ಟ್ಯೂನ್ ಮಾಡದ ಪಿಯಾನೊಗಳಲ್ಲಿ. ಶ್ರುತಿ ತುಂಬಾ ಇಳಿದಿದ್ದರೆ ಒಂದೊಂದೇ ತಂತಿಯನ್ನು ಸರಿಯಾದ ಜಾಗಕ್ಕೆ ತರುತ್ತಾ ಹೋದಂತೆ ಚೌಕಟ್ಟು, ಹಲಗೆಗಳ ಮೇಲಿನ ಭಾರ ಹೆಚ್ಚಿ, ಮೊದಲು ಮಾಡಿದ ತಂತಿಗಳು ಮತ್ತೆ ಇಳಿಯುತ್ತವೆ. ಹಾಗಾಗಿ ಮೊದಲ ಸುತ್ತಿನಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಮೇಲಕ್ಕೇ ಎಳೆಯಬೇಕು. ಎಷ್ಟು ಎನ್ನುವುದನ್ನು ತಂತ್ರಾಂಶ ಚೆನ್ನಾಗಿ ಲೆಕ್ಕ ಹಾಕುತ್ತದೆ.

ಶ್ರುತಿಯಾಚೆಯ ಪಿಯಾನೊ

ಶ್ರುತಿ ಎನ್ನುವುದು ಈ ಕೆಲಸದ ಒಂದು ಭಾಗ ಮಾತ್ರ. ಪ್ರತಿ ಕೀಯ ಹಿಂದೆ ಮರ, ಫೆಲ್ಟ್ (ಒತ್ತಿ ಮಾಡಿದ ಉಣ್ಣೆ), ತೊಗಲು, ಸ್ಪ್ರಿಂಗುಗಳ ಒಂದು ಪುಟ್ಟ ಯಂತ್ರವಿದೆ. ಕೀ ಸುಮಾರು 10 ಮಿಲಿಮೀಟರ್ ಕೆಳಗಿಳಿದರೆ ಸುತ್ತಿಗೆ ಅದರ ನಾಲ್ಕೈದು ಪಟ್ಟು ದೂರ ಚಿಮ್ಮಬೇಕು, ತಂತಿಗೆ ಒಂದೆರಡು ಮಿಲಿಮೀಟರ್ ದೂರವಿರುವಾಗ ಕೀಯ ಹಿಡಿತದಿಂದ ಬಿಡಿಸಿಕೊಂಡು ತಾನೇ ಹಾರಿ ಹೊಡೆದು ವಾಪಸಾಗಬೇಕು. ಈ ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಒಂದನ್ನು ತಿದ್ದಿದರೆ ಇನ್ನೊಂದು ಜರುಗುತ್ತದೆ. 88 ಕೀಗಳಲ್ಲೂ ಅವು ಏಕಪ್ರಕಾರ ಇದ್ದರೆ ಮಾತ್ರ ನುಡಿಸುವವರ ಬೆರಳಿಗೆ ಪಿಯಾನೊ ಹೇಳಿದ ಮಾತು ಕೇಳುತ್ತದೆ.

ಕೆಲಸಗಾರರೇ ಕಂಡುಕೊಂಡ ತಿಳಿವು ಎಲ್ಲರದಾಗುವುದು ಹೇಗೆ ಎಂಬುದಕ್ಕೆ ಇಲ್ಲೊಂದು ಒಳ್ಳೆಯ ಉದಾಹರಣೆ ಇದೆ. ಕೀ ಭಾರ ಎಂದು ಪಿಯಾನೊ ವಾದಕರು ದೂರಿದರೆ ಹಳಬರು ಕೀಯ ಮೇಲೆ ಸಣ್ಣ ತೂಕದ ಬಟ್ಟುಗಳನ್ನಿಟ್ಟು, ಎಷ್ಟು ಗ್ರಾಂಗೆ ಕೀ ಇಳಿಯಿತು ಎಂದು ನೋಡಿ, ಅದಕ್ಕೆ ತಕ್ಕಂತೆ ಕೀಯೊಳಗಿನ ಸೀಸ ಹೆಚ್ಚು ಕಡಿಮೆ ಮಾಡುತ್ತಿದ್ದರು. ಅಮೆರಿಕದ ಪಿಯಾನೊ ತಂತ್ರಜ್ಞ ಡೇವಿಡ್ ಸ್ಟಾನ್‌ವುಡ್ 1990ರ ದಶಕದಲ್ಲಿ ಕೀ ಇಳಿಯುವ ತೂಕದ ಜೊತೆಗೆ ಮೇಲೇಳುವ ತೂಕವನ್ನೂ ಸೇರಿಸಿ ಒಂದು ಲೆಕ್ಕಕ್ರಮ ಕಟ್ಟಿದರು. ಒಂದು ಕೀ 50 ಗ್ರಾಂಗೆ ಇಳಿದು 26 ಗ್ರಾಂಗೆ ಮೇಲೇಳುತ್ತದೆ ಎನ್ನೋಣ. ಎರಡರ ಸರಾಸರಿ 38, ಅದು ಕೀಯ ನಿಜವಾದ ಸಮತೋಲದ ತೂಕ. ವ್ಯತ್ಯಾಸದ ಅರ್ಧ 12, ಅದು ಘರ್ಷಣೆ. ಇನ್ನೊಂದು ಕೀ ಅದೇ 50ಕ್ಕೆ ಇಳಿದು 14ಕ್ಕೆ ಏಳುತ್ತದೆ. ಅಲ್ಲಿ ಸಮತೋಲ 32, ಘರ್ಷಣೆ 18. ಹಳೆಯ ಪದ್ಧತಿಯಲ್ಲಿ ಎರಡೂ ಒಂದೇ. ಹೊಸ ಲೆಕ್ಕದಲ್ಲಿ ಎರಡನೆಯದರ ರೋಗ ಎಲ್ಲಿದೆ ಎಂದು ಒಡನೆ ಗೊತ್ತಾಗುತ್ತದೆ. ಸೀಸ ಮುಟ್ಟದೆ ಬಿಗಿಯಾದ ಕೀಲುಗಳನ್ನು ಸಡಿಲಿಸಿದರೆ ಆಯಿತು. ಕೂಡಿ ಕಳೆಯುವ ಲೆಕ್ಕ ಬಲ್ಲ ಯಾವ ಟ್ಯೂನರ್ ಬೇಕಾದರೂ ಇದನ್ನು ಕಲಿಯಬಹುದು. ಆದರೆ ಅದು ಅವರಿಗೆ ತಲುಪಬೇಕಾದರೆ ಪತ್ರಿಕೆ, ಶಿಬಿರ, ಸಹೋದ್ಯೋಗಿ ಇವುಗಳಲ್ಲಿ ಒಂದಾದರೂ ಇರಬೇಕು.

ಸುತ್ತಿಗೆಯ ಫೆಲ್ಟ್‌ಗೆ ಸೂಜಿ ಚುಚ್ಚಿ ನಾದ ಮೆದುಗೊಳಿಸುವ ಕೆಲಸವಂತೂ ಇನ್ನೂ ಸೂಕ್ಷ್ಮ. ಒಂದು ಜಾಗದಲ್ಲಿ ಚುಚ್ಚಿದರೆ ನಾದ ತುಂಬಿಕೊಳ್ಳುತ್ತದೆ, ಇನ್ನೊಂದು ಜಾಗದಲ್ಲಿ ಚುಚ್ಚಿದರೆ ಸತ್ತುಹೋಗುತ್ತದೆ. ಅತಿಯಾದರೆ ಹಿಂದಕ್ಕೆ ತರುವುದು ಕಷ್ಟ. ಕಳಚಿ ಹಾಕಿದ ಹಳೆಯ ಸುತ್ತಿಗೆಗಳ ಮೇಲೆ ಅಭ್ಯಾಸ ಮಾಡಿ, ಬಲ್ಲವರ ಎದುರು ಮೊದಲ ಸಲ ಮಾಡುವುದೇ ಕ್ಷೇಮ.

ಪಿಯಾನೊಗಳು ಬಹುಕಾಲ ಬಾಳುತ್ತವೆ ಎಂಬುದೂ ಕಲಿಕೆಯನ್ನು ಹಿಗ್ಗಿಸುತ್ತದೆ. ಒಂದೇ ವಾರದಲ್ಲಿ 1900ರ ಆಸುಪಾಸಿನ ಪಿಯಾನೊವೂ ಹೋದ ವರ್ಷದ್ದೂ ಎದುರಾಗಬಹುದು. 1962ರಲ್ಲಿ ಸ್ಟೈನ್‌ವೇ ಕಂಪನಿ ತನ್ನ ನ್ಯೂಯಾರ್ಕ್ ಕಾರ್ಖಾನೆಯ ಪಿಯಾನೊಗಳಲ್ಲಿ ಕೀಲುಗಳಿಗೆ ಉಣ್ಣೆಬಟ್ಟೆಯ ಬದಲು ಟೆಫ್ಲಾನ್ ಬುಶ್ (ಕೀಲಿನ ಒಳಪದರ) ಹಾಕತೊಡಗಿತು. ಟೆಫ್ಲಾನ್ ಸವೆಯುವುದಿಲ್ಲ, ತೇವ ಹೀರುವುದಿಲ್ಲ, ಹಾಗಾಗಿ ಕೀಲು ಎಂದಿಗೂ ಹಿಡಿದುಕೊಳ್ಳುವುದಿಲ್ಲ ಎಂಬ ಎಣಿಕೆ. ಅದರ ಸುತ್ತಲಿನ ಮರ ಮಾತ್ರ ಮೊದಲಿನಂತೆ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿತ್ತು. ಉಣ್ಣೆಬಟ್ಟೆ ಮರದ ಜೊತೆ ಹೊಂದಿಕೊಳ್ಳುತ್ತಿತ್ತು, ಟೆಫ್ಲಾನ್ ಹೊಂದಿಕೊಳ್ಳಲಿಲ್ಲ. ಋತು ಬದಲಾದಂತೆ ಕೀಲುಗಳಲ್ಲಿ ಟಿಕ್ ಟಿಕ್ ಸದ್ದು ಶುರುವಾಯಿತು. 1980ರ ದಶಕದ ಆರಂಭದಲ್ಲಿ ಕಂಪನಿ ಮತ್ತೆ ಬಟ್ಟೆಗೇ ಮರಳಿತು. ಆ ಇಪ್ಪತ್ತು ವರ್ಷಗಳ ಪಿಯಾನೊಗಳು ಇನ್ನೂ ಬಳಕೆಯಲ್ಲಿವೆ. ಅವನ್ನು ದುರಸ್ತಿ ಮಾಡುವವರಿಗೆ ಬೇರೆಯೇ ಉಪಕರಣ, ಬೇರೆಯೇ ಅಳತೆಗಳು ಬೇಕು. ಬಟ್ಟೆಯ ಕೀಲಿಗೆ ಮಾಡುವ ಉಪಚಾರ ಅಲ್ಲಿ ನಡೆಯುವುದಿಲ್ಲ. ಒಂದು ಕಂಪನಿ ಎರಡು ದಶಕ ಬಳಸಿ ಬಿಟ್ಟ ಒಂದು ಸಣ್ಣ ಭಾಗ ಮುಂದಿನ ಎರಡು ಮೂರು ತಲೆಮಾರಿನ ತಂತ್ರಜ್ಞರಿಗೆ ಪಾಠವಾಯಿತು.

ಈಗಿನ ಪಿಯಾನೊಗಳಲ್ಲಿ ಕಾರ್ಬನ್ ಬೆರೆಸಿದ ಪ್ಲಾಸ್ಟಿಕ್ ಭಾಗಗಳಿವೆ. ತಾವೇ ನುಡಿಯುವ ಯಮಹಾ ಡಿಸ್ಕ್ಲಾವಿಯರ್, ಸ್ಟೈನ್‌ವೇ ಸ್ಪಿರಿಯೊ ಬಗೆಯವುಗಳಲ್ಲಿ ಕೀಗಳ ಕೆಳಗೆ ವಿದ್ಯುತ್ ಸೊಲೆನಾಯ್ಡ್‌ಗಳ (ಕರೆಂಟು ಹರಿದಾಗ ಕೀಯನ್ನು ಚಲಿಸುವಂತೆ ಮಾಡುವ ವಿದ್ಯುತ್ಕಾಂತಗಳ) ಸಾಲು, ಸೆನ್ಸರ್‌ಗಳು, ತಂತ್ರಾಂಶ. ಅಲ್ಲಿ ಕೀಯ ಅಳತೆ ತಿದ್ದಿದರೆ ಸೆನ್ಸರ್‌ಗಳನ್ನೂ ಮತ್ತೆ ಹೊಂದಿಸಬೇಕು. ಅತ್ತ ಹಳೆಯ ಪಿಯಾನೊಗಳ ದಂತದ ಕೀಗಳನ್ನು ದುರಸ್ತಿ ಮಾಡುವವರು, ಗಡಿ ದಾಟಿಸುವವರು ಕಾನೂನನ್ನೂ ತಿಳಿದಿರಬೇಕು. ಕಾನೂನು ಬದಲಾಗುವುದೂ ಉಂಟು: ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ಬಂದ ನಿರ್ಬಂಧದಲ್ಲಿ ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಬೇರೆ ದೇಶಗಳ ದಾರಿ

ಈ ಕಸುಬನ್ನು ಶಾಲೆಯ ಪಾಠವಾಗಿ ರೂಪಿಸಿದ ಮೊದಲಿಗರಲ್ಲಿ ಪ್ಯಾರಿಸ್ಸಿನ ಕ್ಲೋದ್ ಮೊಂತಾಲ್ ಮುಖ್ಯರು. ಅಂಧರಾಗಿದ್ದ ಅವರು ಲೂಯಿ ಬ್ರೈಲ್ ಇದ್ದ ಅಂಧರ ಶಾಲೆಯಲ್ಲೇ ಇದ್ದವರು. ಪಿಯಾನೊಗಳನ್ನು ಬಿಚ್ಚಿ ಮುಟ್ಟಿ ಕೇಳಿ ತಾವೇ ಕಲಿತರು, ಜೊತೆಯವರಿಗೆ ಕಲಿಸಿದರು, 1836ರಲ್ಲಿ ಶ್ರುತಿ ಮಾಡುವ ವಿದ್ಯೆಯ ಮೇಲೆ ಪುಸ್ತಕವನ್ನೂ ಪ್ರಕಟಿಸಿದರು. ಮುಂದೆ ಯುರೋಪು ಅಮೆರಿಕಗಳಲ್ಲಿ ಸಾವಿರಾರು ಅಂಧರಿಗೆ ಇದು ಗೌರವದ ಜೀವನೋಪಾಯವಾಯಿತು.

ಜರ್ಮನಿಯಲ್ಲಿ ಪಿಯಾನೊ ಕಟ್ಟುವ ಕಸುಬಿಗೆ ಮೂರೂವರೆ ವರ್ಷದ ಅಪ್ರೆಂಟಿಸ್ ತರಬೇತಿ ಇದೆ. ಕೆಲಸದ ಮನೆಯಲ್ಲಿ ದುಡಿಯುತ್ತಾ ಲುಡ್ವಿಗ್ಸ್‌ಬುರ್ಗ್‌ನ ವೃತ್ತಿಶಾಲೆಯಲ್ಲಿ ಪಾಠ ಕೇಳಬೇಕು. ಆಮೇಲೆ ಬೇಕಾದವರು ಮೈಸ್ಟರ್ (ಕಸುಬಿನ ನಿಪುಣ) ಪದವಿಗೆ ಓದಬಹುದು. ಜಪಾನಿನಲ್ಲಿ 2011ರಿಂದ ಪಿಯಾನೊ ಟ್ಯೂನಿಂಗ್ ರಾಷ್ಟ್ರೀಯ ಕೌಶಲ ಪರೀಕ್ಷೆಗಳ ಪಟ್ಟಿಯಲ್ಲಿದೆ. ಮೂರು ದರ್ಜೆಗಳಿವೆ, ಮೇಲಿನ ದರ್ಜೆಗೆ ಹೋಗಲು ಕೆಲಸದ ಅನುಭವ ಬೇಕು. ಒಂದು ಸಲ ಕಲಿತು ಬಿಡುವ ಬದಲು ಮಧ್ಯೆ ಮಧ್ಯೆ ಮೇಲಿನ ಮೆಟ್ಟಿಲು ಕಾಣುವಂತೆ ಇಟ್ಟದ್ದು ಈ ಎರಡೂ ವ್ಯವಸ್ಥೆಗಳ ಗುಣ.

ನಮ್ಮ ಹವೆ, ನಮ್ಮ ಪಿಯಾನೊಗಳು

ಕರ್ನಾಟಕಕ್ಕೆ ಪಿಯಾನೊ ಅಪರಿಚಿತವೇನಲ್ಲ. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರೂ ಅವರೇ. ಇಂದು ಬೆಂಗಳೂರಿನ ಸಂಗೀತ ಶಾಲೆಗಳಲ್ಲಿ, ಕರಾವಳಿಯ ಚರ್ಚುಗಳಲ್ಲಿ, ಅನೇಕರ ಮನೆಗಳಲ್ಲಿ ಪಿಯಾನೊಗಳಿವೆ.

ಇಲ್ಲಿ ಟ್ಯೂನರ್‌ ಎದುರಿಸುವ ಸಮಸ್ಯೆಗಳು ಪಾಶ್ಚಾತ್ಯ ಪಠ್ಯಗಳಲ್ಲಿ ಇರುವಂಥವೇ ಅಲ್ಲ. ಅಲ್ಲಿನ ಪಾಠ ಚಳಿಗಾಲದ ಹೀಟರ್‌ನಿಂದ ಮರ ಒಣಗುವುದನ್ನು ಕುರಿತು ಹೆಚ್ಚು ಮಾತಾಡುತ್ತದೆ. ಮಂಗಳೂರಿನಲ್ಲಿ ಜುಲೈ ತಿಂಗಳ ಕಥೆ ಬೇರೆ. ನಾದದ ಹಲಗೆ ತೇವ ಕುಡಿದು ಉಬ್ಬುತ್ತದೆ, ಸೇತುವೆಯನ್ನು ಮೇಲಕ್ಕೆ ದೂಡುತ್ತದೆ, ತಂತಿ ಬಿಗಿಯುತ್ತದೆ, ಮಧ್ಯದ ಸ್ವರಗಳ ಶ್ರುತಿ ಏರುತ್ತದೆ. ಕೀಗಳ ಫೆಲ್ಟ್ ಊದಿಕೊಂಡು ಒತ್ತಿದ ಕೀ ಮೇಲೇಳುವುದಿಲ್ಲ. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ಬಂತೆಂದರೆ ಹವೆ ಒಣಗಿ ಎಲ್ಲವೂ ಇದರ ತಿರುವು. ಗೆದ್ದಲು, ಜಿರಳೆ, ಇಲಿಗಳ ಕಾಟ ಬೇರೆ. ಪಿಯಾನೊಗೆ ಹವೆಯ ಸಾಪೇಕ್ಷ ತೇವಾಂಶ 40ರಿಂದ 50 ಶೇಕಡ ಹಿತವೆಂದು ತಯಾರಕರು ಹೇಳುತ್ತಾರೆ. ಮಳೆಗಾಲದ ಕರಾವಳಿಯಲ್ಲಿ ಅದು ಬಾಗಿಲು ತೆರೆದ ಮನೆಯಲ್ಲಿ ಸಾಧ್ಯವಿಲ್ಲ. ಪಿಯಾನೊ ಒಳಗೇ ಕೂರಿಸುವ ಸಣ್ಣ ತಾಪನ ಸಲಾಕೆ ಮತ್ತು ಅದನ್ನು ನಿಯಂತ್ರಿಸುವ ಸಾಧನ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ.

ಇಂಥ ತಿಳಿವು ಇಲ್ಲಿನವರ ಕೈಯಲ್ಲೇ ಹುಟ್ಟಬೇಕು, ಬರೆದಿಡಬೇಕು. ಪ್ರತಿ ಸಲ ಹೋದಾಗ ದಿನಾಂಕ, ಕೋಣೆಯ ತೇವಾಂಶ, ಎ ಸ್ವರ ಎಲ್ಲಿತ್ತು, ಯಾವ ಭಾಗ ಎಷ್ಟು ಜಾರಿತ್ತು ಎಂದು ಒಂದು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುವ ಟ್ಯೂನರ್‌ಗೆ ಒಂದೆರಡು ವರ್ಷಗಳಲ್ಲಿ ಆ ಪಿಯಾನೊದ ಋತುಚಕ್ರವೇ ಕೈಗೆ ಸಿಗುತ್ತದೆ. ಯಾವ ತಿಂಗಳಲ್ಲಿ ಶ್ರುತಿ ಮಾಡಿದರೆ ಹೆಚ್ಚು ದಿನ ನಿಲ್ಲುತ್ತದೆ ಎಂದು ಗಿರಾಕಿಗೆ ಹೇಳಬಹುದು. ಬೆಂಗಳೂರು, ಮಂಗಳೂರು, ಗೋವಾ, ಚೆನ್ನೈಗಳ ನಾಲ್ಕಾರು ಟ್ಯೂನರ್‌ಗಳು ಇಂಥ ಲೆಕ್ಕಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರೆ ನಮ್ಮ ಹವೆಗೆ ಹೊಂದುವ ಪಾಠ ಸಿದ್ಧವಾಗುತ್ತದೆ. ವರ್ಷಕ್ಕೆ ಒಂದೆರಡು ಸಲ ಒಂದೇ ಪಿಯಾನೊದ ಮುಂದೆ ಕೂತು, ಒಬ್ಬರು ಮಾಡಿದ ಸಪ್ತಕವನ್ನು ಇನ್ನೊಬ್ಬರು ಗಾಂಧಾರ ಗಾಂಧಾರವಾಗಿ ಪರೀಕ್ಷಿಸುವುದಕ್ಕೆ ದೊಡ್ಡ ಸಂಸ್ಥೆಯೇನೂ ಬೇಕಿಲ್ಲ. ಪಿಯಾನೊ ಇರುವ ಶಾಲೆಯೊಂದು ರಜೆಯ ದಿನ ಕೋಣೆಯ ಬೀಗ ತೆಗೆದುಕೊಟ್ಟರೆ ಶುರು ಮಾಡಬಹುದು.